ಷಡ್ಡಕನ ಗಾಡಿಯ ಗಾಳಿಚೀಲಗಳು

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಕೆಟ್ಟವನಾಗಿದ್ದರೆ ನನ್ನ ಬದುಕು ಎಷ್ಟೋ ಸಲೀಸಾಗಿರುತ್ತಿತ್ತು. ಕುಡುಕನೋ ಸುಳ್ಳುಗಾರನೋ ಆಗಿದ್ದರೆ ನಾಲ್ಕು ಮಾತು ಬೈದುಕೊಂಡು ಆರಾಮಾಗಿ ಇದ್ದುಬಿಡುತ್ತಿದ್ದೆ. ಅವನೋ ನನ್ನನ್ನು ಬಾಯಿ ತುಂಬ ‘ಅಣ್ಣ’ ಎನ್ನುತ್ತಾನೆ. ನನ್ನ ಮಗಳ ಹುಟ್ಟಿದಹಬ್ಬ ನನಗಿಂತ ಮೊದಲು ಅವನಿಗೆ ನೆನಪಾಗುತ್ತದೆ. ಇಂಥವನ ಮೇಲೆ ಹೊಟ್ಟೆ ಉರಿದುಕೊಳ್ಳುವುದು ಕಷ್ಟದ ಕೆಲಸ. ನಾನು ಅದನ್ನು ವರ್ಷಗಟ್ಟಲೆ, ಒಂದು ದಿನವೂ ರಜೆ ಹಾಕದೆ ಮಾಡಿದ್ದೇನೆ.

ನನ್ನದು ಪೀಣ್ಯದಲ್ಲಿ ಜನರೇಟರ್ ಬಾಡಿಗೆಗೆ ಕೊಡುವ ಕೆಲಸ. ಎರಡು ಚಕ್ರದ ಟ್ರಾಲಿಯ ಮೇಲೆ ಜನರೇಟರ್ ಕೂರಿಸಿರುತ್ತೇವೆ. ಅದನ್ನು ಪಿಕಪ್‌ನ ಹಿಂದಿನ ಕೊಕ್ಕೆಗೆ ಸಿಕ್ಕಿಸಿ ಎಳೆದುಕೊಂಡು ಹೋಗುವುದು, ಕೇಬಲ್ ಎಳೆದು ಕೊಡುವುದು, ಕೆಲಸ ಮುಗಿದ ಮೇಲೆ ಎಳೆದುಕೊಂಡು ಬರುವುದು. ಕಾರ್ಖಾನೆ, ಮದುವೆ, ಗಣೇಶನ ಪೆಂಡಾಲು, ಎಲ್ಲಿಗೆ ಕರೆದರೂ ಹೋಗುತ್ತೇನೆ. ಷಡ್ಡಕ ಮೊದಲು ಅತ್ತಿಬೆಲೆಯ ಒಂದು ಕಾರ್ಖಾನೆಯಲ್ಲಿ ಮಷೀನ್ ಆಪರೇಟರ್ ಆಗಿದ್ದ. ಅಲ್ಲಿ ಕೆಲಸ ಹೋದಾಗ, ಅವನಿಗೂ ಈ ದಾರಿ ತೋರಿಸಿ ಎಂದು ನನ್ನ ಹೆಂಡತಿ ಹಟ ಹಿಡಿದಳು. ತೋರಿಸಿದೆ. ಟ್ರಾಲಿ ಸಮೇತ ರಿವರ್ಸ್ ತೆಗೆಯುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ. ಟ್ರಾಲಿ ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಬಲಕ್ಕೆ ತಿರುಗಿಸಬೇಕು. ನನಗೆ ಅದು ಕೈಗೆ ಹತ್ತಲು ಮೂರು ತಿಂಗಳು ಬೇಕಾಗಿತ್ತು. ಅವನು ಒಂದು ಭಾನುವಾರ ಬೆಳಿಗ್ಗೆ ಶುರು ಮಾಡಿ ಊಟದ ಹೊತ್ತಿಗೆ ಕಲಿತುಬಿಟ್ಟ. ಗುರುವಾದವನು ಖುಷಿಪಡಬೇಕಿತ್ತು. ನಾನು ಪಡಲಿಲ್ಲ.

ನಮ್ಮ ಅತ್ತೆ ಇರುವುದು ಚೊಕ್ಕಸಂದ್ರದಲ್ಲಿ, ಪಿಕಪ್‌ಗೆ ಎದುರಾಗಿ ಒಂದು ಸ್ಕೂಟರ್ ಬಂದರೂ ಒಂದು ನಿಲ್ಲಬೇಕಾದಂಥ ಗಲ್ಲಿಯ ಕೊನೆಯಲ್ಲಿ. ಮಾವ ತೀರಿಕೊಂಡು ಬಹಳ ಕಾಲವಾಯಿತು. ಹೆಣ್ಣುಮಕ್ಕಳಿಬ್ಬರೇ, ಹಾಗಾಗಿ ಹಬ್ಬ ಹರಿದಿನಕ್ಕೆ ಅಳಿಯಂದಿರಿಬ್ಬರೂ ಅಲ್ಲೇ. ಅತ್ತೆ ನನಗೆ ಯಾವತ್ತೂ ಮರ್ಯಾದೆ ಕಡಿಮೆ ಮಾಡಿದವರಲ್ಲ. ‘ಬನ್ನಿ, ಕೂತ್ಕೊಳಿ, ಊಟ ಮಾಡಿ’ ಎನ್ನುತ್ತಾರೆ. ಹನ್ನೊಂದು ವರ್ಷದಿಂದ ಅಷ್ಟೇ ಎನ್ನುತ್ತಿದ್ದಾರೆ. ಷಡ್ಡಕನ ವಿಷಯ ಬಂದರೆ ಮಾತ್ರ ಅವರ ದನಿಯೇ ಬೇರೆ. ‘ನಮ್ ಚಿಕ್ಕಳಿಯಂದ್ರ ಮನಸು ದೊಡ್ಡದು ಕಣಮ್ಮ’ ಎಂದು ಪಕ್ಕದ ಮನೆಯವರಿಗೆ, ಹೂವಿನವಳಿಗೆ, ಒಂದು ಸಲ ಗ್ಯಾಸ್ ಸಿಲಿಂಡರ್ ತಂದವನಿಗೂ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ನನ್ನ ಬಗ್ಗೆ ಅಂಥದ್ದೊಂದು ಮಾತು ಅವರ ಬಾಯಲ್ಲಿ ಒಮ್ಮೆ ಬರಲಿ ಎಂದು ನಾನು ಆಸೆಪಟ್ಟಷ್ಟು ಬೇರೆ ಯಾವುದಕ್ಕೂ ಪಟ್ಟಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಇದ್ದ ಹಾಗೆ.

ಅವನ ಒಂದು ಅಭ್ಯಾಸವನ್ನೂ ಇಲ್ಲೇ ಹೇಳಬೇಕು. ಟ್ರಾಲಿ ಸಮೇತ ಅತ್ತೆ ಮನೆಗೆ ಬಂದ ದಿನ, ಹೊರಡುವಾಗ ಗಾಡಿ ಕೀಯನ್ನು ನನ್ನ ಕೈಗೆ ಕೊಡುತ್ತಿದ್ದ. ‘ನೀವೇ ತೆಗೀರಿ ಅಣ್ಣ, ಈ ಗಲ್ಲೀಲಿ ನಂಗಾಗಲ್ಲ.’ ಅವನಿಗೆ ಆಗುತ್ತದೆಂದು ನನಗೆ ಗೊತ್ತು. ಎಲ್ಲರ ಮುಂದೆ ನನಗೊಂದು ಗೌರವ ಇರಲಿ ಎಂದು ಹಾಗೆ ಮಾಡುತ್ತಿದ್ದ. ನಾನು ಕೀ ತೆಗೆದುಕೊಂಡು, ಗಲ್ಲಿಯ ಜನರೆಲ್ಲ ನೋಡುತ್ತಿರುವಾಗ ರಿವರ್ಸ್ ತೆಗೆಯುತ್ತಿದ್ದೆ. ಅವನು ಕೊಟ್ಟ ಗೌರವ ಎಂಬುದಕ್ಕೂ ಹೊಟ್ಟೆ ಉರಿಯುತ್ತಿತ್ತು, ಕೀ ಮಾತ್ರ ಬಿಡುತ್ತಿರಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಅವನು ತನ್ನ ಪಿಕಪ್‌ಗೆ ಏರ್‌ಬ್ಯಾಗ್ ಹಾಕಿಸಿದ. ಕಾರಿನಲ್ಲಿ ಅಪಘಾತವಾದಾಗ ಉಬ್ಬುವ ಚೀಲವಲ್ಲ ಇದು. ಪಿಕಪ್‌ನ ಹಿಂಭಾಗವನ್ನು ಹೊರುವುದು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ನಾವು ಬ್ಲೇಡು ಎನ್ನುತ್ತೇವೆ. ಭಾರದ ಟ್ರಾಲಿ ಸಿಕ್ಕಿಸಿದರೆ ಬ್ಲೇಡು ಬಗ್ಗಿ ಹಿಂಭಾಗ ಕುಸಿಯುತ್ತದೆ, ಮೂತಿ ಮೇಲೇಳುತ್ತದೆ, ಸ್ಟೀರಿಂಗ್ ಹಿಡಿತಕ್ಕೆ ಸಿಗುವುದಿಲ್ಲ. ಹಿಂದಿನ ಎರಡೂ ಚಕ್ರಗಳ ಹತ್ತಿರ, ಆಕ್ಸಲ್‌ಗೂ ಚಾಸಿಗೂ ನಡುವೆ ಒಂದೊಂದು ರಬ್ಬರ್ ಚೀಲ ಕೂರಿಸಿ, ಟೈರಿಗೆ ಹೊಡೆಯುವಂತೆ ಗಾಳಿ ಹೊಡೆದರೆ ಗಾಡಿ ಮಟ್ಟಸವಾಗಿ ನಿಲ್ಲುತ್ತದೆ. ಇದನ್ನು ಅವನು ಫೋನಿನಲ್ಲಿ ನೋಡಿ ತಿಳಿದುಕೊಂಡಿದ್ದ. ಪೀಣ್ಯದಲ್ಲಿ ಲೇತ್ ಶಾಪ್‌ಗಳ ನಡುವಿನ ಒಂದು ಶೆಡ್ಡಿನಲ್ಲಿ ಹಾಕುತ್ತಾರೆಂದು ವಿಚಾರಿಸಿಕೊಂಡು, ‘ನೀವೂ ಜೊತೇಲಿ ಬನ್ನಿ ಅಣ್ಣ, ನಿಮಗೆ ಗೊತ್ತಾಗುತ್ತೆ’ ಎಂದು ನನ್ನನ್ನೂ ಕರೆದುಕೊಂಡು ಹೋದ. ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿರುವವನ ಹಾಗೆ ಕೈ ಕಟ್ಟಿಕೊಂಡು ನಿಂತಿದ್ದೆ.

ಮೇಸ್ತ್ರಿ ವಯಸ್ಸಾದ ಸಾಬರು. ಚಾಸಿಗೆ ಬ್ರಾಕೆಟ್ ಬಿಗಿದು, ಚೀಲ ಕೂರಿಸಿ, ತೆಳ್ಳನೆಯ ಪೈಪನ್ನು ನಂಬರ್ ಪ್ಲೇಟಿನ ಪಕ್ಕದವರೆಗೆ ಎಳೆದು, ತುದಿಗೆ ಗಾಳಿ ಹೊಡೆಯುವ ವಾಲ್ವ್ ಹಾಕಿದರು. ನಂತರ ಕೈ ಒರೆಸಿಕೊಂಡು ಪಾಠ ಶುರು ಮಾಡಿದರು. ಖಾಲಿ ಗಾಡಿಯಲ್ಲೂ ಸ್ವಲ್ಪ ಗಾಳಿ ಇರಲೇಬೇಕು. ಇದು ಹಾಕಿದೆ ಎಂದು ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ಭಾರ ಹೇರಬಾರದು. ಅಷ್ಟರಲ್ಲಿ ಷಡ್ಡಕನ ಫೋನ್ ಬಡಿಯಿತು. ಅತ್ತೆ. ಅವನು ಶೆಡ್ಡಿನ ಹೊರಗೆ ಹೋಗಿ ನಗುನಗುತ್ತಾ ಮಾತಾಡತೊಡಗಿದ. ಮೇಸ್ತ್ರಿ ಉಳಿದ ಪಾಠವನ್ನು ನನಗೊಬ್ಬನಿಗೇ ಹೇಳಿದರು.

‘ಸಾರ್, ಇದು ರಬ್ಬರ್ ಐತೆ, ಬ್ಲೇಡ್ ಅಲ್ಲ. ವಾಟರ್ ಸರ್ವಿಸ್ಗೆ ಬಿಟ್ರೆ ಆಯಿಲ್ ಹೊಡ್ಸ್ಬೇಡಿ. ಆಯಿಲ್ ತಾಗಿದ್ರೆ ಊದ್ಕೊಂಡು ಮೆತ್ತಗಾಗ್ಬಿಡ್ತೈತೆ. ಅವ್ರಿಗೂ ಹೇಳ್ಬಿಡಿ.’

‘ಹೇಳ್ತೀನಿ ಬಿಡಿ’ ಎಂದೆ. ಷಡ್ಡಕ ಫೋನ್ ಜೇಬಿಗಿಟ್ಟು ಒಳಗೆ ಬಂದು, ‘ಅತ್ತೆ ನಿಮಗೂ ಊಟಕ್ಕೆ ಬರೋಕೆ ಹೇಳಿದ್ರು ಅಣ್ಣ’ ಎಂದ. ‘ನಿಮಗೂ’ ಎಂಬ ಆ ಒಂದು ಪದ ಹಿಡಿದುಕೊಂಡು ಒಳಗೊಳಗೇ ಬೇಯುತ್ತಾ ಹೋದೆ. ಆಯಿಲ್ ವಿಷಯ ಹೇಳಲಿಲ್ಲ. ಅವತ್ತು ನಿಜವಾಗಿಯೂ ಮರೆತೆ.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ. ಅತ್ತೆ ಮನೆಯ ಗಲ್ಲಿಯಲ್ಲಿ ಎರಡು ಪಿಕಪ್‌ಗಳೂ ಒಂದರ ಹಿಂದೊಂದು ಟ್ರಾಲಿ ಕಟ್ಟಿಕೊಂಡು ನಿಂತರೆ ಅವನದು ಮಟ್ಟಸ, ನನ್ನದು ಹಿಂದೆ ಕುಸಿದು ಕಪ್ಪೆ ಕೂತ ಹಾಗೆ. ದಾರಿಯಲ್ಲಿ ಹೋಗುವವರೂ ಅವನ ಗಾಡಿಯ ಕೆಳಗೆ ಬಗ್ಗಿ ನೋಡಿ ‘ಸಕ್ಕತ್ತಾಗಿದೆ ಗುರು’ ಎನ್ನುತ್ತಿದ್ದರು. ಒಮ್ಮೆ ಅತ್ತೆಯನ್ನು ಅವನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿಬಂದ. ‘ಬೆನ್ನೇ ನೋಯ್ನಿಲ್ಲ ಕಣಮ್ಮ. ಅದೇನೋ ಗಾಳಿ ಚೀಲ ಆಕ್ಸವ್ರಂತೆ’ ಎಂದು ಅವರು ನನ್ನ ಹೆಂಡತಿಗೆ ಹೇಳಿದರು. ಹಿಂದಿನ ಆಕ್ಸಲ್‌ನ ಚೀಲಕ್ಕೂ ಮುಂದಿನ ಸೀಟಿನಲ್ಲಿ ಕೂತವರ ಬೆನ್ನಿಗೂ ಅಂಥ ಸಂಬಂಧವೇನಿಲ್ಲ ಎಂದು ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ. ನನ್ನ ಗಾಡಿಯಲ್ಲಿ ಅದೇ ದೇವಸ್ಥಾನಕ್ಕೆ ಎಷ್ಟು ಸಲ ಕರೆದೊಯ್ದಿದ್ದೇನೆ. ಬೆನ್ನು ಹಿಡಿದುಕೊಂಡೇ ಇಳಿಯುತ್ತಿದ್ದರು.

‘ನೀವೂ ಹಾಕಿಸ್ಕೊಳಿ ಅಣ್ಣ, ನಾನೇ ಬಂದು ಮಾಡಿಸಿಕೊಡ್ತೀನಿ’ ಎಂದು ಅವನು ಎರಡು ಸಲ ಹೇಳಿದ. ಅವನನ್ನು ನೋಡಿ ನಾನು ಹಾಕಿಸಿಕೊಳ್ಳುವುದೇ? ‘ಬ್ಲೇಡಿರೋವಾಗ ಬಲೂನ್ ಯಾಕೆ’ ಎಂದುಬಿಟ್ಟೆ.

ಆಯುಧಪೂಜೆ ಬಂತು. ಹಿಂದಿನ ದಿನ ಬೆಳಿಗ್ಗೆಯೇ ಷಡ್ಡಕ ಹೆಂಡತಿ ಮಕ್ಕಳೊಂದಿಗೆ ಅತ್ತೆ ಮನೆಗೆ ಬಂದಿಳಿದ. ಎರಡೂ ಗಾಡಿಗಳನ್ನು ವಾಟರ್ ಸರ್ವಿಸ್‌ಗೆ ಒಯ್ಯಬೇಕು ಎಂದು ನಾವಿಬ್ಬರೂ ಹೊರಟಿದ್ದೆವು. ಅತ್ತೆ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದರು.

‘ಚಿಕ್ಕಳಿಯಂದ್ರೆ, ಕುಂಬಳಕಾಯಿಗೆ ನೀವು ಬನ್ನಿ. ನೀವು ತಟ್ಟಿ ನೋಡಿದ್ರೆ ಒಳಗೆ ಕೊಳ್ತಿದ್ಯಾ ಇಲ್ವಾ ಗೊತ್ತಾಗ್ತದೆ.’

ಅವನು ಈ ಮನೆಯ ಅಳಿಯನಾಗುವ ಮುಂಚೆ ಬೂದುಗುಂಬಳ ತರುತ್ತಿದ್ದವನು ನಾನು. ಒಂದೇ ಒಂದು ವರ್ಷ ಒಂದು ಕಾಯಿ ಕೊಳೆತದ್ದು ಬಂದಿತ್ತು. ಷಡ್ಡಕ ನನ್ನ ಮುಖ ನೋಡಿದ. ಆಮೇಲೆ ಕೀ ನನ್ನ ಕೈಗಿಟ್ಟು, ‘ನಮ್ದೂ ಒಂದು ಸರ್ವಿಸ್ ಮಾಡಿಸ್ಬಿಡಿ ಅಣ್ಣ’ ಎಂದು ಹೇಳಿ, ಅತ್ತೆಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದ.

ಸರ್ವಿಸ್ ರಸ್ತೆಯ ವಾಟರ್ ಸರ್ವಿಸ್ ಅಂಗಡಿಯಲ್ಲಿ ಅವತ್ತು ಆಟೋ, ಟೆಂಪೋಗಳ ಸಾಲೇ ನಿಂತಿತ್ತು. ಮೊದಲು ನನ್ನ ಗಾಡಿ ಬಿಟ್ಟೆ, ಮನೆಗೆ ಹೋಗಿ ಅವನದನ್ನೂ ತಂದೆ. ನಮ್ಮ ಕಡೆ ಗಾಡಿ ತೊಳೆದ ಮೇಲೆ ಹಳೆಯ ಎಂಜಿನ್ ಆಯಿಲ್‌ಗೆ ಡೀಸೆಲ್ ಬೆರೆಸಿ ಕೆಳಭಾಗಕ್ಕೆಲ್ಲ ಹೊಡೆಯುತ್ತಾರೆ. ತುಕ್ಕು ಹಿಡಿಯುವುದಿಲ್ಲ, ಬ್ಲೇಡು ಕಿರ್ ಎನ್ನುವುದಿಲ್ಲ. ಆಯುಧಪೂಜೆಗೆ ಆಯಿಲ್ ಹೊಡೆಸದಿದ್ದರೆ ತಲೆಗೆ ಎಣ್ಣೆ ಹಚ್ಚದೆ ಹಬ್ಬಕ್ಕೆ ನಿಂತ ಹಾಗೆ. ನನ್ನ ಗಾಡಿಗೆ ಹೊಡೆದಾಯಿತು. ಷಡ್ಡಕನ ಗಾಡಿಯನ್ನು ಎತ್ತರಕ್ಕೆ ಹತ್ತಿಸಿ ತೊಳೆದವನು, ಆಯಿಲ್ ಹೊಡೆಯುವ ಗನ್ ಹಿಡಿದುಕೊಂಡು ಕೆಳಗೆ ಬಗ್ಗಿ ನೋಡಿ ನಿಂತ.

‘ಸಾರ್, ಇಲ್ಲೇನೋ ರಬ್ಬರ್ ಬಲೂನ್ ತರ ಇದೆ. ಇದಕ್ಕೂ ಆಯಿಲ್ ಹೊಡೀಲಾ?’

ಮೇಸ್ತ್ರಿಯ ಮಾತು ನೆನಪಿತ್ತು. ಈ ಸಲ ಮರೆತೆ ಎಂದು ಹೇಳಲು ಬರುವುದಿಲ್ಲ. ಶೆಡ್ಡು, ಮೇಸ್ತ್ರಿ ಕೈ ಒರೆಸಿಕೊಂಡ ಬನಿಯನ್ ಚಿಂದಿ, ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿತ್ತು. ಇನ್ನೊಂದು ಕಡೆ, ಮಾರ್ಕೆಟ್ಟಿನಲ್ಲಿ ಅವನು ಕುಂಬಳಕಾಯಿ ತಟ್ಟುತ್ತಿರುವುದೂ, ಅತ್ತೆ ಪಕ್ಕದಲ್ಲಿ ತಲೆಯಾಡಿಸುತ್ತಿರುವುದೂ ಕಣ್ಣ ಮುಂದೆ ಬಂತು.

‘ಎಲ್ಲಾ ಕಡೆ ಹೊಡಿ’ ಎಂದೆ.

ಮರುದಿನ ಎರಡೂ ಗಾಡಿಗಳಿಗೆ ಚೆಂಡುಹೂವಿನ ಹಾರ, ಬಾಳೆಕಂದು. ಅತ್ತೆ ಅವನ ಗಾಡಿಯ ಗಾಳಿ ವಾಲ್ವಿಗೂ ಬಗ್ಗಿ ಕುಂಕುಮ ಇಟ್ಟರು. ಅದರ ಕೆಳಗೆ ರಂಗೋಲಿಯ ಮೇಲೆ ಆಯಿಲ್ ತೊಟ್ಟಿಕ್ಕುತ್ತಿತ್ತು. ಆಗಲೂ ಸೋಪಿನ ನೀರು ಹಾಕಿ ತೊಳೆದುಬಿಟ್ಟಿದ್ದರೆ ಆಗುತ್ತಿತ್ತೇನೋ. ನಿಂಬೆಹಣ್ಣು ಚಕ್ರದಡಿ ಇಡಲು ಅತ್ತೆ ಹೇಳಿದರು, ಇಟ್ಟು ಪಕ್ಕಕ್ಕೆ ನಿಂತೆ.

ಏನೂ ಆಗಲಿಲ್ಲ. ಕಾರ್ತಿಕ ಕಳೆಯಿತು, ಸಂಕ್ರಾಂತಿಯೂ ಕಳೆಯಿತು. ಸಿಕ್ಕಾಗೆಲ್ಲ ‘ಗಾಡಿ ಹೆಂಗಿದೆ’ ಎಂದು ಕೇಳುತ್ತಿದ್ದೆ. ‘ನಿಮ್ಮ ಆಶೀರ್ವಾದ ಅಣ್ಣ, ಚೆನ್ನಾಗಿದೆ’ ಎನ್ನುತ್ತಿದ್ದ. ಅವನಿಗೆ ಎಲೆಕ್ಟ್ರಾನಿಕ್ ಸಿಟಿಯ ಕಡೆ ದೊಡ್ಡ ದೊಡ್ಡ ಕೆಲಸ ಸಿಗುತ್ತಿತ್ತು. ನಾನೇನು ಕಡಿಮೆ ಎಂದು, ನನ್ನ ಗಾಡಿಗೆ ತಕ್ಕುದಲ್ಲದ ಭಾರದ ಟ್ರಾಲಿ ಎಳೆಯತೊಡಗಿದೆ. ಬೇಸಿಗೆ ಶುರುವಾಗುವ ಹೊತ್ತಿಗೆ ನನ್ನ ಗಾಡಿಯ ಬ್ಲೇಡು ಎರಡು ತುಂಡಾಯಿತು. ಅದೂ ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿಗೆ ಜನರೇಟರ್ ಒಯ್ದು ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ ದಿನಕ್ಕೆ ಸರಿಯಾಗಿ ಒಂದು ದಿನ ಮುಂಚೆ. ಅಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿತ್ತು, ಮುದುಕರು ಮಕ್ಕಳು ಲಿಫ್ಟ್ ಇಲ್ಲದೆ ಕಂಗಾಲಾಗಿದ್ದರು.

ಹೆಂಡತಿ ನನ್ನನ್ನು ಕೇಳದೆ ತಂಗಿಗೆ ಫೋನ್ ಮಾಡಿಬಿಟ್ಟಳು. ಬೆಳಿಗ್ಗೆ ಏಳಕ್ಕೆ ಷಡ್ಡಕ ಅತ್ತಿಬೆಲೆಯಿಂದ ತನ್ನ ಗಾಡಿ ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದ.

‘ನನ್ನ ಗಾಡಿ ತಗೊಂಡೋಗಿ ಅಣ್ಣ. ಏರ್‌ಬ್ಯಾಗ್ ಇದೆ, ಎಷ್ಟೇ ದೊಡ್ಡ ಟ್ರಾಲಿ ಆದ್ರೂ ಕೂರಲ್ಲ.’ ಕೀ ಕೊಟ್ಟು, ಚಹಾ ಕುಡಿದು, ತನಗೆ ಬೇರೆ ಕೆಲಸವಿದೆ ಎಂದು ಮೆಟ್ರೋ ಹತ್ತಿ ಹೋದ.

ಆ ಚೀಲಗಳ ಮೇಲೆ ನಾನೇ ಕೂತು ಹೋಗಬೇಕಾಗಿ ಬಂತು. ಬೇಡ ಎನ್ನಲು ಕಾರಣ ಹೇಳಬೇಕಿತ್ತು, ಕಾರಣ ಹೇಳುವಂತಿರಲಿಲ್ಲ. ಒಮ್ಮೆ ಕೆಳಗೆ ಬಗ್ಗಿ ನೋಡಿದೆ. ಚೀಲಗಳು ಕಪ್ಪಗೆ, ಮಿರಮಿರ ಮಿಂಚುತ್ತಿದ್ದವು. ಇಷ್ಟು ದಿನ ಏನೂ ಆಗಿಲ್ಲ, ಇವತ್ತೂ ಆಗಲಾರದು ಎಂದುಕೊಂಡು ಹೊರಟೆ.

ಪಟ್ಟಂದೂರು ಅಗ್ರಹಾರದ ಹತ್ತಿರ ಒಂದು ಹಂಪು ದಾಟುವಾಗ ಹಿಂದೆ ಬುಸ್ ಎಂದಿತು. ಎಡಗಡೆ ಗಾಡಿ ಧಸಕ್ಕನೆ ಕುಸಿಯಿತು. ಬ್ರೇಕ್ ಒತ್ತಿದರೂ ಟ್ರಾಲಿಯ ಭಾರ ಹಿಂದಿನಿಂದ ನೂಕಿತು, ಟ್ರಾಲಿ ಗಾಡಿಯನ್ನು ಅಡ್ಡಡ್ಡ ಎಳೆದುಕೊಂಡು ರಸ್ತೆ ಪಕ್ಕಕ್ಕೆ ಹೋಯಿತು. ಅಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವ ಐದಾರು ಹೆಂಗಸರು ಬುತ್ತಿ ಹಿಡಿದು ಗಾಡಿಗಾಗಿ ಕಾಯುತ್ತಾ ನಿಂತಿದ್ದರು. ಅವರಿಂದ ಒಂದು ಮೊಳ ದೂರದಲ್ಲಿ ಟ್ರಾಲಿ ನಿಂತಿತು. ಒಬ್ಬಾಕೆಯ ಬುತ್ತಿ ಕೆಳಗೆ ಬಿದ್ದು ರೊಟ್ಟಿ ಮಣ್ಣಾಯಿತು.

ನಾನು ಇಳಿದೆ. ಬಯ್ಯಲಿ ಎಂದು ನಿಂತೆ. ರೊಟ್ಟಿ ಕಳೆದುಕೊಂಡ ಆಕೆ ಹತ್ತಿರ ಬಂದು ನನ್ನ ಮುಖ ನೋಡಿದಳು.

‘ಯಾಕೋ ಯಣ್ಣಾ, ಹಿಂಗ್ ನಡಗಾಕತ್ತೀಯಲ್ಲ. ಕುಂದ್ರು, ನೀರು ಕುಡಿ.’

ಅವಳ ಬಾಟಲಿಯಲ್ಲೇ ನೀರು ಕುಡಿದೆ. ಆಯಿಲ್ ಹೊಡೆಸಿದ ದಿನ ನನ್ನ ಕಣ್ಣಿಗೆ ಷಡ್ಡಕನೊಬ್ಬನೇ ಕಂಡಿದ್ದ. ಈ ಹೆಂಗಸರು ಎಲ್ಲಿಯೂ ಕಂಡಿರಲಿಲ್ಲ.

ಫೋನ್ ಮಾಡಿದ ಒಂದೂವರೆ ಗಂಟೆಗೆ ಷಡ್ಡಕ ಬೈಕಿನಲ್ಲಿ ಬಂದ. ಗಾಡಿ ನೋಡುವ ಮೊದಲು ನನ್ನ ಕೈ ಕಾಲು ಮುಟ್ಟಿ ನೋಡಿದ. ‘ನಿಮಗೇನೂ ಆಗಿಲ್ವಲ್ಲ, ಅಷ್ಟು ಸಾಕು.’ ಇನ್ನೊಂದು ಚೀಲದ ಗಾಳಿಯನ್ನೂ ಬಿಟ್ಟು, ಗಾಡಿಯನ್ನು ಬ್ಲೇಡಿನ ಮೇಲೆ ಕೂರಿಸಿ, ನಡೆಯುವ ವೇಗದಲ್ಲಿ ಜನರೇಟರ್ ಅನ್ನು ಅಪಾರ್ಟ್‌ಮೆಂಟಿಗೆ ತಲುಪಿಸಿದೆವು. ಎರಡು ದಿನದ ಮೇಲೆ ಅವನೊಬ್ಬನೇ ಮೇಸ್ತ್ರಿಯ ಹತ್ತಿರ ಹೋಗಿ ಹೊಸ ಚೀಲ ಹಾಕಿಸಿಕೊಂಡು ಬಂದ.

ಮುಂದಿನ ಭಾನುವಾರ ಅತ್ತೆ ಮನೆಯಲ್ಲಿ ಊಟ. ಮುದ್ದೆ, ಬಸ್ಸಾರು. ಅತ್ತೆ ಬಡಿಸುತ್ತಾ, ಹಾಕಿಸಿ ವರ್ಷವೂ ಆಗದ ಚೀಲ ಅದ್ಹೇಗೆ ಒಡೆಯಿತು ಎಂದು ಕೇಳಿದರು. ಷಡ್ಡಕ ತಲೆ ತಗ್ಗಿಸಿ ಹೇಳಿದ, ‘ತಪ್ಪು ನಂದೇ ಅತ್ತೆ. ಅದಕ್ಕೆ ಆಯಿಲ್ ತಾಗಬಾರ್ದಂತೆ. ಮೇಸ್ತ್ರಿ ಅವತ್ತೇ ಹೇಳಿದ್ರಂತೆ, ನಂಗೆ ಮರ್ತೋಗಿದೆ ಅನ್ಸುತ್ತೆ. ಹಬ್ಬಕ್ಕೆ ಸರ್ವಿಸ್ ಮಾಡಿಸೋವಾಗ ಅಣ್ಣಂಗೆ ಒಂದು ಮಾತು ಹೇಳ್ಬೇಕಿತ್ತು. ನನ್ನಿಂದ ಅಣ್ಣ ಸಾಯ್ತಿದ್ರು.’

ಅತ್ತೆ ಸೌಟು ಹಿಡಿದುಕೊಂಡೇ ನಿಂತರು. ಕಣ್ಣು ಒದ್ದೆಯಾಗಿತ್ತು. ‘ಮಾಡಿದ್ ತಪ್ಪನ್ನ ಇಂಗೆ ನಾಲ್ಕು ಜನದ ಮುಂದೆ ಒಪ್ಕೊಳಕ್ಕೂ ದೊಡ್ಡ ಮನ್ಸು ಬೇಕು ಕಣ್ರೀ.’

ನನ್ನ ಕೈಯಲ್ಲಿದ್ದ ಮುದ್ದೆಯ ತುತ್ತು ಕೈಯಲ್ಲೇ ಉಳಿಯಿತು. ತಪ್ಪು ಮಾಡಿದವನು ನಾನು, ಅದಕ್ಕೂ ಹೊಗಳಿಕೆ ಅವನಿಗೆ. ಆ ಕ್ಷಣ ನನಗೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೊಟ್ಟೆಕಿಚ್ಚಾಯಿತು. ನನ್ನ ತಪ್ಪಿನ ಹೊಗಳಿಕೆಯೂ ಅವನ ಪಾಲಾಗುತ್ತಿದೆಯಲ್ಲ ಎಂಬ ಸಂಕಟಕ್ಕೆ ಬಾಯಿ ಬಿಟ್ಟೆ.

‘ಇಲ್ಲ ಅತ್ತೆ. ತಪ್ಪು ಅವನ್ದಲ್ಲ, ನಂದು. ಮೇಸ್ತ್ರಿ ಹೇಳೋವಾಗ ಅವನು ಹೊರಗಡೆ ನಿಮ್ ಹತ್ರಾನೇ ಫೋನಲ್ಲಿ ಮಾತಾಡ್ತಿದ್ದ. ಹೇಳಿದ್ದು ನಂಗೊಬ್ಬನಿಗೆ. ಸರ್ವಿಸ್ನವನು ಹೊಡೀಲಾ ಅಂತ ಕೇಳ್ದಾಗ, ಗೊತ್ತಿದ್ದೂ ಹೊಡಿ ಅಂದೆ.’

ಅತ್ತೆ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಸೌಟು ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡರು.

‘ನೋಡಮ್ಮ’ ಎಂದು ನನ್ನ ಹೆಂಡತಿಯ ಕಡೆ ತಿರುಗಿದರು. ‘ತಮ್ಮನಂಗಿರೋನ ತಪ್ಪನ್ನ ತನ್ ಮೇಲೆ ಎಳ್ಕೊತಾವ್ರೆ. ಇಷ್ಟ್ ವರ್ಷ ಆಯ್ತು, ದೊಡ್ಡಳಿಯಂದ್ರ ಮನ್ಸು ಇಷ್ಟು ದೊಡ್ಡದು ಅಂತ ನಂಗೊತ್ತೇ ಆಗ್ನಿಲ್ಲ.’

ಹನ್ನೊಂದು ವರ್ಷ ಕಾದ ಮಾತು. ‘ಅತ್ತೆ, ನಾನು ನಿಜ ಹೇಳ್ತಿರೋದು’ ಎಂದೆ. ‘ಸಾಕು ಸುಮ್ನಿರಿ’ ಎಂದು ಅವರು ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ, ಮೇಲೆ ತುಪ್ಪ ಹಾಕಿದರು. ಹೆಂಡತಿ ನನ್ನನ್ನು ಹೆಮ್ಮೆಯಿಂದ ನೋಡುತ್ತಿದ್ದಳು. ಷಡ್ಡಕ ಮಾತ್ರ ತಲೆ ಎತ್ತಿರಲಿಲ್ಲ. ಅವನು ಶೆಡ್ಡಿನ ಹೊರಗೆ ನಿಂತು ಮಾತಾಡಿದ ಆ ದಿನದ ಫೋನನ್ನು ನೆನೆಸಿಕೊಳ್ಳುತ್ತಿದ್ದನೆಂದು ನನಗೆ ಗೊತ್ತಾಯಿತು. ಕೊನೆಗೆ ಒಮ್ಮೆ ನನ್ನ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತು. ‘ತಿನ್ನಿ ಅಣ್ಣ, ಆರೋಗುತ್ತೆ’ ಎಂದ.

ಊಟ ಮುಗಿಸಿ ಹೊರಗೆ ಬಂದೆವು. ಅವನಿಗೆ ನೆಲಮಂಗಲದಲ್ಲಿ ಕೆಲಸವಿತ್ತು, ಟ್ರಾಲಿ ಕಟ್ಟಿಕೊಂಡೇ ಬಂದಿದ್ದ. ನಾನು ಅಭ್ಯಾಸಬಲದಿಂದ ಗಾಡಿಯ ಹತ್ತಿರ ಹೋಗಿ ಕೀಗೆ ಕೈ ಚಾಚಿದೆ. ಅವನು ನೋಡಲಿಲ್ಲವೋ, ನೋಡಿಯೂ ಸುಮ್ಮನಿದ್ದನೋ. ಬಾಗಿಲು ತೆಗೆದು ತಾನೇ ಹತ್ತಿ ಕೂತ. ಅತ್ತೆ ನನ್ನ ಪಕ್ಕದಲ್ಲಿ ನಿಂತು, ಎದುರುಮನೆಯವರಿಗೆ ನನ್ನ ದೊಡ್ಡ ಮನಸ್ಸಿನ ವಿಷಯ ಹೇಳುತ್ತಿದ್ದರು. ಅವನು ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ ಗೇರ್ ಹಾಕಿದ. ಆ ಗಲ್ಲಿಯ ಉದ್ದಕ್ಕೂ, ಎಲ್ಲೂ ನಿಲ್ಲಿಸದೆ, ಮೋರಿಯ ಅಂಚಿಗೂ ತಾಗಿಸದೆ, ಒಂದೇ ಸಲಕ್ಕೆ ರಿವರ್ಸ್ ತೆಗೆದುಕೊಂಡು ಹೋದ.